ಅಂಗುಲದ ಅರ್ಥವೂ ಆಚಾರಿಯ ಕೋಲೂ

1

ಅಂಗುಲ, ಗೇಣು, ಮೊಳ, ಕೋಲು, ಮಾರು ಎಂಬ ಮಾನವಾಚಕ ಶಬ್ದಗಳು ನಮ್ಮ ಶಾಸ್ತ್ರಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಮೇಲಿಂದ ಮೇಲೆ ಬರುತ್ತವೆ. ಅವುಗಳನ್ನು ಪಾಠ ಹೇಳುವಾಗ ನಾವು ಬಹುಮಟ್ಟಿಗೆ ಒಂದು ಸಮೀಕರಣವನ್ನು ಹೇಳಿ ಮುಂದಕ್ಕೆ ಸಾಗುತ್ತೇವೆ. ಅಂಗುಲವೆಂದರೆ ಇಂಚು, ಮೊಳವೆಂದರೆ ಒಂದೂವರೆ ಅಡಿ ಎಂದು ಟಿಪ್ಪಣಿ ಬರೆದು ಕೃತಕೃತ್ಯರಾಗುತ್ತೇವೆ. ಆದರೆ ಈ ಎರಡು ವಾಕ್ಯಗಳೂ ಒಟ್ಟಿಗೆ ಸತ್ಯವಾಗಿರಲಾರವು. ಮೊಳಕ್ಕೆ 24 ಅಂಗುಲವೆಂಬುದು ಬಹುಶಾಸ್ತ್ರಸಮ್ಮತವಾದ ಲೆಕ್ಕ. 24 ಇಂಚಿಗೆ ಎರಡು ಅಡಿಯಾಗುತ್ತದೆಯೇ ಹೊರತು ಒಂದೂವರೆಯಾಗುವುದಿಲ್ಲ. ಇಷ್ಟು ಸ್ಪಷ್ಟವಾದ ವಿರೋಧವು ಮೂವತ್ತು ವರ್ಷ ಪಾಠ ಹೇಳಿದ ಈ ಲೇಖಕನಿಗೆ ಹೊಳೆದುದು ಗ್ರಂಥದಿಂದಲ್ಲ, ಹಲಸಿನ ಹಲಗೆಯಿಂದ. ಪ್ರಸಂಗವು ಗೃಹಕೃತ್ಯಕ್ಕೆ ಸೇರಿದ್ದಾದರೂ ವಿಷಯಕ್ಕೆ ಪೀಠಿಕೆಯಾಗುವುದರಿಂದ ಇಲ್ಲಿ ನಿವೇದಿಸುತ್ತೇನೆ.

ಮಂಗಳೂರು ನಗರದ ದೇರೆಬೈಲಿನಲ್ಲಿ ನಮ್ಮ ಮನೆ. ಹಿತ್ತಿಲಿನ ಹಳೆಯ ಹಲಸಿನ ಮರವೊಂದು ಗಾಳಿಮಳೆಗೆ ಉರುಳಿತು. ಅದನ್ನು ಕೊಯ್ಯಿಸಿ, ಒಣಗಲು ಬಿಟ್ಟು, ಅದರಲ್ಲಿ ದೇವರ ಮಂಟಪವನ್ನು ಮಾಡಿಸಬೇಕೆಂದು ಸಂಕಲ್ಪವಾಯಿತು. ಪೀಠವನ್ನು ನೆರೆಯ ವೃದ್ಧ ಆಚಾರಿಯೊಬ್ಬರಿಗೆ ಒಪ್ಪಿಸಿದೆವು. ಪಕ್ಕದ ಹಲಗೆಗಳನ್ನು, ರಜಾದಿನಗಳಲ್ಲಿ ಮನೆಯಲ್ಲೇ ಮರಗೆಲಸ ಮಾಡುವ ಹವ್ಯಾಸವುಳ್ಳ ನಮ್ಮ ಅಣ್ಣನ ಮಗನು ತಾನೇ ಮಾಡುವೆನೆಂದನು. ಇಬ್ಬರಿಗೂ ಅಳತೆಯನ್ನು ಹೇಳಿದವನು ನಾನು. ‘ಅಗಲ ಹದಿನಾರು ಅಂಗುಲ’ ಎಂದೆ. ನನ್ನ ಮನಸ್ಸಿನಲ್ಲಿದ್ದುದು ಮೊಳದ ಮೂರರಲ್ಲಿ ಎರಡು ಪಾಲು, ಎಂದರೆ ಸುಮಾರು ಒಂದು ಅಡಿ, 30.5 ಸೆಂಟಿಮೀಟರು. ಹುಡುಗನು ಶಾಲೆಯಲ್ಲಿ ಅಂಗುಲವೆಂದರೆ ಇಂಚೆಂದು ಕಲಿತವನಾದುದರಿಂದ 40.6 ಸೆಂಟಿಮೀಟರಿಗೆ ಕೊಯ್ದನು. ಆಚಾರಿಯವರು ತಮ್ಮ ತಂದೆಯ ಕಾಲದ ಕೋಲನ್ನಿಟ್ಟು ಹದಿನಾರು ಎಣಿಸಿದರು. ಅದು 48 ಸೆಂಟಿಮೀಟರಾಯಿತು. ಒಂದೇ ಶಬ್ದದಿಂದ ಮೂರು ಅಗಲಗಳು ಹುಟ್ಟಿದವು.

ಅನರ್ಥವು ಅಷ್ಟಕ್ಕೇ ಮುಗಿಯಲಿಲ್ಲ. ಎರಡು ಪಕ್ಕದ ಹಲಗೆಗಳಿಗೂ ಸಮಾನವಾಗಿ ತೂತು ಕೊರೆಯುವ ಸಲುವಾಗಿ ಹುಡುಗನು ಪ್ಲೈವುಡ್ಡಿನ ಚೂರೊಂದರಲ್ಲಿ ತೂತುಗಳನ್ನು ಮಾಡಿ ಮಾದರಿಯ ಅಚ್ಚೊಂದನ್ನು ಸಿದ್ಧಪಡಿಸಿದ್ದನು. ಇಂಥದನ್ನು ಯಂತ್ರಶಾಲೆಗಳಲ್ಲಿ ‘ಜಿಗ್’ ಎನ್ನುತ್ತಾರೆ. ಎಡಹಲಗೆಗೆ ಇಟ್ಟ ಮುಖವನ್ನೇ ಬಲಹಲಗೆಗೂ ಇಟ್ಟುದರಿಂದ ತೂತುಗಳೆಲ್ಲ ತಿರುವುಮುರುವಾಗಿ ಒಂದಕ್ಕೊಂದು ಇದಿರಾಗದೆ ಹೋದವು. ಅದನ್ನು ಸರಿಪಡಿಸುವ ಆತುರದಲ್ಲಿ ಅಚ್ಚನ್ನು ಬಿಗಿಯದೆ ಬರಿಗೈಯಿಂದ ಒತ್ತಿ ಹಿಡಿದು ಕೊರೆಯಲು ಹೊರಟನು. ಅಚ್ಚು ಜಾರಿತು, ಬೈರಿಗೆಯ ಮೊನೆ ಅಂಗೈಗೆ ತಗುಲಿತು. ಮೂರು ಹೊಲಿಗೆಗಳಲ್ಲಿ ಪಾರಾದುದು ದೈವಕೃಪೆ. ಆ ಸಂಜೆ ಆಚಾರಿಯವರು ಹಲಗೆಗಳನ್ನು ತಿರುವಿ ನೋಡಿ, “ಭಟ್ರೇ, ಹುಡುಗನಿಗೆ ಬೈಬೇಡಿ. ಹದಿನಾರು ಅಂದಿರಿ, ಯಾವ ಕೋಲಿನದ್ದು ಅಂತ ನೀವು ಹೇಳಲೇ ಇಲ್ಲ” ಎಂದರು.

ಆ ಮಾತು ನನ್ನನ್ನು ಬಹುವಾಗಿ ಕಾಡಿತು. ಯಾವ ಕೋಲಿನ ಅಂಗುಲವೆಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಕೇಳಿಕೊಂಡಿದ್ದರೇ? ಒಂದೇ ಅಳತೆಯನ್ನು ಹಲವು ತುಂಡುಗಳಿಗೆ ತಪ್ಪಿಲ್ಲದೆ ಸಾಗಿಸಲು ಅವರು ಯಾವ ಉಪಾಯಗಳನ್ನು ಕಂಡುಕೊಂಡಿದ್ದರು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಮಾನವಿಚಾರಕ್ಕೆ ನಮ್ಮಲ್ಲಿ ದೊರೆಯುವ ಅತಿಪ್ರಾಚೀನವಾದ ಶಾಸ್ತ್ರೀಯ ಗ್ರಂಥಗಳು ಶುಲ್ಬಸೂತ್ರಗಳು. ಯಜ್ಞವೇದಿಗಳನ್ನು ಅಳೆಯುವ ಕ್ರಮವೇ ಅವುಗಳ ವಿಷಯ. ಬೋಧಾಯನನು ಅಂಗುಲಕ್ಕೆ ಲಕ್ಷಣವನ್ನು ಹೇಳುವಾಗಲೇ ಎರಡು ಪಕ್ಷಗಳನ್ನು ಕೊಟ್ಟಿದ್ದಾನೆ. ಹದಿನಾಲ್ಕು ಅಣುಧಾನ್ಯಗಳ ಅಳತೆ ಒಂದು ಪಕ್ಷ. ಒತ್ತಾಗಿ ಜೋಡಿಸಿದ ಮೂವತ್ತನಾಲ್ಕು ಎಳ್ಳುಗಳ ಅಳತೆ ಇನ್ನೊಂದು. ಹನ್ನೆರಡು ಅಂಗುಲಕ್ಕೆ ಪ್ರಾದೇಶ, ಇಪ್ಪತ್ತನಾಲ್ಕಕ್ಕೆ ಅರತ್ನಿ, ನೂರಿಪ್ಪತ್ತಕ್ಕೆ ಪುರುಷ ಎಂದು ಆತನ ಕೋಷ್ಟಕವು ಬೆಳೆಯುತ್ತದೆ.

ಆದರೆ ಅಗ್ನಿಚಯನದಲ್ಲಿ ಪುರುಷಪ್ರಮಾಣವೆಂದರೆ ಧಾನ್ಯವನ್ನೆಣಿಸಿ ಪಡೆದ ಮಾನವಲ್ಲ. ಆ ಯಜಮಾನನೇ ಕೈಗಳನ್ನು ಮೇಲೆತ್ತಿ ನಿಂತಾಗ ಆಗುವ ಎತ್ತರ. ಆಪಸ್ತಂಬನ ವಿಧಿಯಂತೆ ಆ ಎತ್ತರದ ಒಂದು ಬಿದಿರನ್ನು ತೆಗೆದುಕೊಂಡು, ಅದರ ಎರಡು ತುದಿಗಳಲ್ಲಿಯೂ ನಡುವೆಯೂ ರಂಧ್ರಗಳನ್ನು ಮಾಡುತ್ತಾರೆ. ರಂಧ್ರಗಳು ಬರುವಲ್ಲಿ ನೆಲಕ್ಕೆ ಗೂಟಗಳನ್ನು ಹೊಡೆದು ಬಿದಿರನ್ನು ಸಿಕ್ಕಿಸುತ್ತಾರೆ. ಒಂದು ಗೂಟದಲ್ಲಿ ನಿಲ್ಲಿಸಿ ಉಳಿದವುಗಳಿಂದ ಬಿಡಿಸಿ ತಿರುಗಿಸಿದರೆ ವೃತ್ತರೇಖೆ ಬೀಳುತ್ತದೆ; ರೇಖೆಗಳು ಕೂಡುವಲ್ಲಿ ಚತುರಸ್ರದ ಮೂಲೆಗಳು ಸಿಗುತ್ತವೆ. ಇಲ್ಲಿ ಅಂಕೆಯ ಪ್ರಯೋಗವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅಳತೆಯು ಬಿದಿರಿನಲ್ಲಿಯೇ ಇದೆ. ಮೂಲೆಯಿಂದ ಮೂಲೆಗೆ ಹೋಗುವುದು ಸಂಖ್ಯೆಯಲ್ಲ, ಬಿದಿರು. ಹುಡುಗನು ಪ್ಲೈವುಡ್ಡಿನಲ್ಲಿ ಮಾಡಿದ್ದೂ ತತ್ತ್ವತಃ ಇದನ್ನೇ. ಭೇದವೇನೆಂದರೆ ಆಪಸ್ತಂಬನ ಬಿದಿರನ್ನು ಗೂಟವು ಹಿಡಿದಿತ್ತು. ನಮ್ಮ ಮನೆಯ ಅಚ್ಚನ್ನು ಹಿಡಿದಿದ್ದುದು ಅಂಗೈ. ಅಲ್ಲದೆ ಶುಲ್ಬಕಾರರು ಪೂರ್ವಪಶ್ಚಿಮವಾದ ಪ್ರಾಚೀರೇಖೆಯನ್ನು ಮೊದಲು ನಿಶ್ಚಯಿಸಿಕೊಂಡು ಅದರಿಂದಲೇ ಎಡಬಲಗಳನ್ನು ಅಳೆಯುತ್ತಿದ್ದರು. ಮೂಲರೇಖೆ ಒಂದೇ ಆದುದರಿಂದ ಎಡವು ಬಲವಾಗುವ ಪ್ರಮಾದಕ್ಕೆ ಅವಕಾಶವಿರಲಿಲ್ಲ.

ಇಷ್ಟಕೆಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಇಟ್ಟಿಗೆಯ ಅಚ್ಚು ಎಷ್ಟೇ ಸರಿಯಾಗಿದ್ದರೂ ಅದರಿಂದ ತೆಗೆದ ಹಸಿಯ ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಹೀಗೆ ಕಡಮೆಯಾದುದನ್ನು ಸಡಿಲ ಮಣ್ಣಿನಿಂದ ತುಂಬಬೇಕೆಂದೂ ಅದಕ್ಕೆ ನಿಯತವಾದ ಪರಿಮಾಣವಿಲ್ಲದ ಕಾರಣ ದೋಷವಿಲ್ಲವೆಂದೂ ಸೂತ್ರಕಾರರು ವಿಧಿಸಿದ್ದಾರೆ. ಅಚ್ಚಿನ ಅಳತೆಯೂ ವಸ್ತುವಿನ ಅಳತೆಯೂ ಒಂದೇ ಅಲ್ಲವೆಂಬ ಈ ವಿವೇಕವು ಮರಗೆಲಸಕ್ಕೂ ಅನ್ವಯಿಸುತ್ತದೆ. ಹಸಿಮರವು ಒಣಗುವಾಗ ಉದ್ದದಲ್ಲಿ ಅತ್ಯಲ್ಪವಾಗಿಯೂ ಅಗಲದಲ್ಲಿ ಹೆಚ್ಚಾಗಿಯೂ ಕುಗ್ಗುತ್ತದೆ. ಆದುದರಿಂದ ಹಸಿಹಲಗೆಗೆ ಅಚ್ಚನ್ನಿಟ್ಟು ಕೊರೆದ ತೂತುಗಳು ಮುಂದಿನ ಬೇಸಗೆಯಲ್ಲಿ ಒಂದಕ್ಕೊಂದು ಹೊಂದದೆ ಹೋಗಬಹುದು. ಆಗ ಅಚ್ಚನ್ನು ದೂಷಿಸಿ ಪ್ರಯೋಜನವಿಲ್ಲ.

3

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯ ಪ್ರತಿಯ ಆಧಾರದಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ದೇಶಕಾಲಮಾನಗಳ ಅಧ್ಯಾಯವೊಂದಿದೆ. ಪರಮಾಣುವಿನಿಂದ ಮೊದಲಾಗಿ ಎಂಟೆಂಟರ ಗುಣಾಕಾರದಿಂದ ಯವಕ್ಕೂ ಎಂಟು ಯವಮಧ್ಯಗಳಿಂದ ಅಂಗುಲಕ್ಕೂ ಬಂದು, ಇಲ್ಲವೆ ಮಧ್ಯಮಗಾತ್ರದ ಪುರುಷನ ನಡುಬೆರಳಿನ ನಡುವಣ ಅಳತೆಯೇ ಅಂಗುಲವೆಂದು ಕೌಟಿಲ್ಯನು ವಿಕಲ್ಪವನ್ನು ಹೇಳುತ್ತಾನೆ. ಬಳಿಕ ಬರುವ ಭೇದಗಳು ನಮಗೆ ಮುಖ್ಯ. ಸಾಮಾನ್ಯವಾದ ಅರತ್ನಿಗೆ 24 ಅಂಗುಲ. ಗೋಮಾಳವನ್ನೂ ತಕ್ಕಡಿಯನ್ನೂ ಅಳೆಯುವ ಹಸ್ತಕ್ಕೆ 28. ಕಿಷ್ಕುವಿಗೆ 32. ಪಾಳೆಯ, ಕೋಟೆ, ಅರಮನೆಯ ಕೆಲಸಗಳಲ್ಲಿ ಗರಗಸದ ಬಡಗಿಗೆ ವಿಹಿತವಾದ ಕಿಷ್ಕುವಿಗೆ 42. ಮರಮುಟ್ಟು ಬೆಳೆಯುವ ವನದ ಹಸ್ತಕ್ಕೆ 54. ಒಂದೇ ರಾಜ್ಯದಲ್ಲಿ, ಒಂದೇ ಅಧ್ಯಕ್ಷನ ಕೈಕೆಳಗೆ, ವಸ್ತುವಿಗೊಂದು ಹಸ್ತವಿತ್ತೆಂದಾಯಿತು. ಅಂಗುಲಕ್ಕೆ ಇಂಚಿನ ಮುಕ್ಕಾಲು ಪಾಲೆಂದು ಲೆಕ್ಕ ಹಾಕಿದರೆ ಬಡಗಿಯ ಕಿಷ್ಕುವು ಸುಮಾರು 80 ಸೆಂಟಿಮೀಟರಾಗುತ್ತದೆ; ಸಾಮಾನ್ಯ ಅರತ್ನಿಯು 46 ಸೆಂಟಿಮೀಟರನ್ನು ಮೀರುವುದಿಲ್ಲ.

ಶಿಲ್ಪಗ್ರಂಥವಾದ ಮಯಮತಕ್ಕೆ ಬಂದರೆ ಕಿಷ್ಕು ಎಂಬ ಆ ಹೆಸರೇ ಇನ್ನೊಂದು ಮಾನಕ್ಕೆ ಸಲ್ಲುತ್ತದೆ. ಅಲ್ಲಿ ಕಿಷ್ಕುವಿಗೆ 24 ಅಂಗುಲ, ಪ್ರಾಜಾಪತ್ಯಕ್ಕೆ 25, ಧನುರ್ಮುಷ್ಟಿಗೆ 26, ಧನುರ್ಗ್ರಹಕ್ಕೆ 27. ವಾಹನ ಶಯನಾದಿಗಳಿಗೆ ಮೊದಲನೆಯದು, ವಿಮಾನಗಳಿಗೆ ಎರಡನೆಯದು, ವಾಸ್ತುಗಳಿಗೆ ಮೂರನೆಯದು, ಗ್ರಾಮಾದಿಗಳಿಗೆ ನಾಲ್ಕನೆಯದು. ಅರ್ಥಶಾಸ್ತ್ರದಲ್ಲಿಯೋ ಎಂದರೆ ಧನುರ್ಗ್ರಹವು ನಾಲ್ಕೇ ಅಂಗುಲ, ಧನುರ್ಮುಷ್ಟಿಯು ಎಂಟೇ ಅಂಗುಲ! ಮಂಚದ ಕೋಲನ್ನು ಹಿಡಿದು ವಿಮಾನವನ್ನು ಅಳೆದರೆ ಹತ್ತು ಹಸ್ತಕ್ಕೆ ಹತ್ತು ಅಂಗುಲ ಕೊರತೆ ಬೀಳುತ್ತದೆ. ನಾಲ್ಕು ಕೋಲುಗಳೂ ಒಂದೇ ಕಮ್ಮಟದ ಗೋಡೆಗೆ ಒರಗಿ ನಿಂತಿದ್ದಾಗ ಒಂದು ಅಂಗುಲದ ಭೇದವು ಕಣ್ಣಿಗೆ ಬೀಳುವುದೂ ಕಷ್ಟ.

ಪದ ಅಥವಾ ಪಾದವೆಂಬ ಮಾನದ ಅವಸ್ಥೆಯೂ ಹೀಗೆಯೇ. ಬೋಧಾಯನನಲ್ಲಿ ಅದು 15 ಅಂಗುಲ, ಕೌಟಿಲ್ಯನಲ್ಲಿ 14, ಕೇರಳದ ತಚ್ಚುಶಾಸ್ತ್ರದ ರೂಢಿಯಲ್ಲಿ 8, ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯನಲ್ಲಿ 6. ನಿಘಂಟಿನಲ್ಲಿ ಒಂದೇ ಅರ್ಥವನ್ನು ಕೊಟ್ಟು ನಾಲ್ಕು ಗ್ರಂಥಗಳಿಗೂ ಅನ್ವಯಿಸಿದರೆ ಅರ್ಥದ ಬದಲು ಅನರ್ಥವೇ ಲಭಿಸುವುದು.

ಹಾಗಾದರೆ ಶಿಲ್ಪಿಗಳು ತಪ್ಪುತ್ತಿರಲಿಲ್ಲವೇ? ತಪ್ಪದಂತೆ ಮಾಡಿದ ವ್ಯವಸ್ಥೆಯು ಮಯಮತದಲ್ಲಿಯೇ ಕಾಣಬರುತ್ತದೆ. ಅಲ್ಲಿ ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ವರು ಶಿಲ್ಪಿಗಳನ್ನು ಹೇಳಿದೆ. ಸ್ಥಪತಿಯು ಸಂಕಲ್ಪಿಸುವವನು, ಸೂತ್ರಗ್ರಾಹಿಯು ದಾರ ಮತ್ತು ಕೋಲುಗಳನ್ನು ಹಿಡಿದು ಅಳೆಯುವವನು, ತಕ್ಷಕನು ಕೊಯ್ದು ಕೆತ್ತುವವನು, ವರ್ಧಕಿಯು ಜೋಡಿಸುವವನು. ಅಳೆಯುವ ಕೈ ಬೇರೆ, ಕೊಯ್ಯುವ ಕೈ ಬೇರೆ. ಕೋಲು ಒಬ್ಬನ ವಶದಲ್ಲಿರುವುದರಿಂದ ಇಡೀ ಕಟ್ಟಡಕ್ಕೆ ಒಂದೇ ಕೋಲಾಗುತ್ತದೆ. ಮನೆಯಲ್ಲಿ ಒಬ್ಬನೇ ನಾಲ್ವರ ಕೆಲಸವನ್ನೂ ಮಾಡುವಾಗ ಈ ಕಾವಲು ತಪ್ಪಿಹೋಗುತ್ತದೆ. ಸೂತ್ರಗ್ರಾಹಿಯ ಮರೆವನ್ನು ತಕ್ಷಕನು ಕಂಡು ಕೇಳುವಂತಿಲ್ಲ, ಇಬ್ಬರೂ ಒಬ್ಬನೇ.

4

ಅಂಗುಲಶಬ್ದದ ಅನೇಕಾರ್ಥತೆಯನ್ನು ಸ್ಪಷ್ಟವಾಗಿ ಬೇರ್ಪಡಿಸಿ ಹೇಳಿದ ಕೀರ್ತಿ ಕನ್ನಡನಾಡಿನ ಗಣಿತಜ್ಞನಿಗೂ ಸಲ್ಲುತ್ತದೆ. ಕ್ರಿ.ಶ. 850ರ ಸುಮಾರಿನಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಜೈನಾಗಮಸಂಪ್ರದಾಯವನ್ನು ಅನುಸರಿಸಿ ಮೂರು ಅಂಗುಲಗಳನ್ನು ಹೇಳಿದ್ದಾನೆ. ಯವಗಳಿಂದ ಸಿದ್ಧವಾದ ವ್ಯವಹಾರಾಂಗುಲವು ಒಂದು. ಅದರ ಐನೂರು ಪಟ್ಟಾದ ಪ್ರಮಾಣಾಂಗುಲವು ಎರಡನೆಯದು. ಆಯಾ ಕಾಲದ ಮನುಷ್ಯರ ಸ್ವಂತ ಬೆರಳಿನ ಅಳತೆಯಾದ ಆತ್ಮಾಂಗುಲವು ಮೂರನೆಯದು. ದ್ವೀಪಸಮುದ್ರಗಳನ್ನು ಅಳೆಯುವ ಅಂಗುಲದಿಂದ ಬಾಗಿಲನ್ನು ಅಳೆಯಬಾರದೆಂಬ ಎಚ್ಚರವು ಈ ವಿಭಾಗದಲ್ಲಿಯೇ ಅಡಗಿದೆ.

ಶಿಲ್ಪಶಾಸ್ತ್ರದಲ್ಲಿ ಇದೇ ರೀತಿ ಮಾನಾಂಗುಲ, ಮಾತ್ರಾಂಗುಲ, ದೇಹಾಂಗುಲ ಎಂಬ ತ್ರಿವಿಧ ವಿಭಾಗವುಂಟು. ಎಂಟು ಯವಗಳದು ಮಾನಾಂಗುಲ. ಬೆರಳಿನ ನಡುಗಣ್ಣಿನಿಂದ ಪಡೆದುದು ಮಾತ್ರಾಂಗುಲ. ಪ್ರತಿಮೆಯ ಒಟ್ಟು ಎತ್ತರವನ್ನೇ ತಾಲಲೆಕ್ಕದಂತೆ ಭಾಗಿಸಿ ಪಡೆದುದು ದೇಹಾಂಗುಲ. ಕಡೆಯದರ ಮಹಿಮೆಯನ್ನು ಕಾಣಬೇಕಾದರೆ ದೇರೆಬೈಲಿನಿಂದ ಬಹುದೂರ ಹೋಗಬೇಕಾಗಿಲ್ಲ. ಸಮೀಪದ ಕದ್ರಿಯ ಮಂಜುನಾಥ ದೇವಾಲಯದಲ್ಲಿ, ಆಳುಪ ದೊರೆ ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಲೋಹಪ್ರತಿಮೆಯಿದೆ. ಇಂಥ ಪ್ರತಿಮೆಗಳಲ್ಲಿ ಮುಖ, ತೋಳು, ಊರುಗಳ ಅಂಗುಲಗಳನ್ನು ಇಂಚುಪಟ್ಟಿಯಿಂದ ಹುಡುಕಿದರೆ ಸಿಕ್ಕುವುದು ಭಿನ್ನರಾಶಿಗಳು ಮಾತ್ರ. ಪ್ರತಿಮೆಯ ಎತ್ತರವನ್ನೇ ಅಳತೆಗೋಲನ್ನಾಗಿ ಮಾಡಿಕೊಂಡರೆ ಅವಯವಗಳ ಅನುಪಾತವು ಗ್ರಂಥೋಕ್ತವಾದ ಸಂಖ್ಯೆಗಳ ಸಮೀಪಕ್ಕೆ ಬರುತ್ತದೆ. ಅಂಗುಲವು ಅಲ್ಲಿ ಉದ್ದವಲ್ಲ, ಅನುಪಾತ.

5

ಶಾಸನಗಳನ್ನು ಬರೆಯಿಸಿದವರು ಈ ತತ್ತ್ವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಭೂದಾನವನ್ನು ಹೇಳುವಾಗ ಇಷ್ಟು ಮತ್ತರು, ಇಷ್ಟು ಕಮ್ಮವೆಂದು ಸಂಖ್ಯೆಯನ್ನಷ್ಟೇ ಕೊಟ್ಟು ಬಿಡದೆ, ಇಂಥ ಗಳೆಯಲ್ಲಿ ಅಳೆದು ಕೊಟ್ಟುದೆಂದು ಕೋಲಿನ ಹೆಸರನ್ನೂ ಅನೇಕ ಕಡೆ ಕೆತ್ತಿಸಿದ್ದಾರೆ. ಬಳ್ಳಿಗಾವೆಯಲ್ಲಿ ಚಾವುಂಡರಾಯನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡಸ್ತಂಭವು ಪ್ರಸಿದ್ಧವಾದುದು. ಭೇರುಂಡಗಳೆಯೆಂಬ ಭೂಮಾನದ ಹೆಸರೂ ಆ ಪ್ರಾಂತದ ಶಾಸನಗಳಲ್ಲಿ ಕೇಳಿಬರುತ್ತದೆ. ಕೋಲಿನ ಹೆಸರಿಲ್ಲದ ದಾನವು ಮುಂದೆ ವ್ಯಾಜ್ಯಕ್ಕೆ ಮೂಲವಾಗುವುದೆಂದು ಅವರಿಗೆ ತಿಳಿದಿತ್ತು. ಊರಿಗೊಂದು ಗಳೆ ಇದ್ದ ಕಾಲದಲ್ಲಿ ಮತ್ತರು ಎಷ್ಟು ಎಕರೆಯೆಂದು ಒಂದೇ ಮಾತಿನಲ್ಲಿ ಉತ್ತರಿಸಲು ಹೊರಡುವುದು, ಶಾಸನಕಾರನು ಇಟ್ಟ ಎಚ್ಚರವನ್ನು ನಾವೇ ಅಳಿಸಿದಂತೆ.

6

ಈಗ ನಮ್ಮ ಕರಾವಳಿಗೆ ಬರೋಣ. ದಕ್ಷಿಣ ಕನ್ನಡದಲ್ಲಿ ಬಾವಿಯ ಆಳವನ್ನು ಇಂದಿಗೂ ಕೋಲಿನಲ್ಲಿಯೇ ಹೇಳುವವರುಂಟು. ಮನೆ, ದೈವಸ್ಥಾನ, ದೇವಸ್ಥಾನಗಳ ಆಯವನ್ನು ಕಟ್ಟುವವರು ಕೋಲು ಮತ್ತು ಅಂಗುಲಗಳನ್ನು ಬಿಟ್ಟಿಲ್ಲ. ನೆರೆಯ ಕೇರಳದಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ ಎಂಟು ಯವಕ್ಕೆ ಅಂಗುಲ, ಎಂಟು ಅಂಗುಲಕ್ಕೆ ಪದ, ಮೂರು ಪದಕ್ಕೆ ಕೋಲು. ಅಲ್ಲಿನ ಕೋಲು 72 ಸೆಂಟಿಮೀಟರು. ಅಂಗುಲವು 3 ಸೆಂಟಿಮೀಟರು. ನಮ್ಮ ಆಚಾರಿಯವರ ಕೋಲನ್ನು ಪಟ್ಟಿ ಹಿಡಿದು ನೋಡಿದಾಗ ಅದೂ ಇದಕ್ಕೆ ಬಹುಮಟ್ಟಿಗೆ ಹೊಂದಿತು. ಮೊಳದಿಂದ ಬಂದ ಅಂಗುಲವು ಇಂಚಿಗಿಂತ ಕಿರಿದು. ಕೋಲಿನಿಂದ ಬಂದ ಅಂಗುಲವು ಇಂಚಿಗಿಂತ ಹಿರಿದು. ಅಂಗುಲವೇ ಇಂಚೆಂಬ ಸಮೀಕರಣವು ಎರಡು ಕಡೆಗೂ ಸಲ್ಲದು.

ಹದಿನೈದನೆಯ ಶತಮಾನದ ತಂತ್ರಸಮುಚ್ಚಯ, ಹದಿನಾರನೆಯ ಶತಮಾನದ ಮನುಷ್ಯಾಲಯಚಂದ್ರಿಕೆ ಮೊದಲಾದ ಗ್ರಂಥಗಳಿಂದ ಪ್ರಸಿದ್ಧವಾದ ಯೋನಿಗಣಿತವನ್ನು ಇಲ್ಲಿ ಸ್ಮರಿಸಬೇಕು. ಸುತ್ತಳತೆಯ ಕೋಲುಗಳನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಯೋನಿ. ಒಂದಕ್ಕೆ ಧ್ವಜ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ಹೀಗೆ ಎಂಟು. ಬೆಸಸಂಖ್ಯೆಗಳು ಶುಭ, ಸಮಸಂಖ್ಯೆಗಳು ಅಶುಭ. ಮೂರರಿಂದ ಗುಣಿಸುವುದೆಂದರೆ ಕೋಲನ್ನು ಪದಕ್ಕೆ ತರುವುದಲ್ಲದೆ ಬೇರೆಯಲ್ಲ. ಉದಾಹರಣೆಗೆ ಸುತ್ತಳತೆ 27 ಕೋಲಾಗಿದ್ದರೆ 81 ಪದ. ಎಂಟರಿಂದ ಭಾಗಿಸಿದರೆ ಶೇಷ 1, ಧ್ವಜಯೋನಿ. ಬಡಗಿಯು ಪ್ರಮಾದದಿಂದ ಒಂದೊಂದು ಬದಿಯನ್ನೂ ಎರಡೇ ಅಂಗುಲ ಹೆಚ್ಚಿಸಿದನೆನ್ನೋಣ. ನಾಲ್ಕು ಬದಿಗೆ ಎಂಟು ಅಂಗುಲ, ಎಂದರೆ ಒಂದು ಪದ. ಮೊತ್ತವು 82 ಆಗಿ ಶೇಷವು 2 ಆಯಿತು. ಧ್ವಜವು ಹೋಗಿ ಧೂಮವು ಬಂದಿತು!

ಇದರ ಶುಭಾಶುಭಫಲಗಳನ್ನು ನಂಬುವುದೂ ಬಿಡುವುದೂ ಅವರವರ ಶ್ರದ್ಧೆಗೆ ಸೇರಿದ್ದು. ಆದರೆ ವ್ಯವಹಾರದಲ್ಲಿ ಇದರಿಂದ ಆದ ಉಪಕಾರವನ್ನು ಎಲ್ಲರೂ ಒಪ್ಪಬಹುದು. ಯೋನಿಯು ಕೆಡುವುದೆಂಬ ಭಯದಿಂದ ನಾಲ್ಕು ಬದಿಗಳನ್ನೂ ಅಳೆದು ಕೂಡಿಸಿ ಶೇಷವನ್ನು ನೋಡಲೇಬೇಕಾಗುತ್ತಿತ್ತು. ಒಂದು ಬದಿಯನ್ನು ಅಳೆದು ಉಳಿದವೂ ಹಾಗೆಯೇ ಇರಬಹುದೆಂದು ಊಹಿಸುವ ಸೋಮಾರಿತನಕ್ಕೆ ಇದು ಮದ್ದು. ಕೊಯ್ಯುವ ಮೊದಲೇ ಲೆಕ್ಕವನ್ನು ಮತ್ತೊಮ್ಮೆ ಪರೀಕ್ಷಿಸುವ ಪದ್ಧತಿಯು ಧರ್ಮದ ಉಡುಪಿನಲ್ಲಿ ಉಳಿದುಬಂದಿತೆಂದು ನನ್ನ ಅಭಿಪ್ರಾಯ.

7

ಈ ವ್ಯವಸ್ಥೆಯನ್ನು ಕದಲಿಸಿದ ಸಂಗತಿಗಳಲ್ಲಿ ಒಂದು ಮಂಗಳೂರಿನಲ್ಲಿಯೇ ನಡೆಯಿತು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟನು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಒತ್ತುಯಂತ್ರದ ಅಚ್ಚಿನಿಂದ ಹೊರಬಂದ ಹಂಚುಗಳೆಲ್ಲ ಒಂದೇ ಅಳತೆಯವು. ಒಂದರ ತುಟಿಯು ಇನ್ನೊಂದರ ತೋಡಿನಲ್ಲಿ ಕೂಡುವಂಥವು. ಮಣ್ಣು ಒಣಗಿ ಬೆಂದು ಕುಗ್ಗುವುದನ್ನು ಎಣಿಸಿ ಅಚ್ಚನ್ನು ಹಂಚಿಗಿಂತ ದೊಡ್ಡದಾಗಿ ಮಾಡಬೇಕು. ಶುಲ್ಬಕಾರರು ಸಡಿಲ ಮಣ್ಣಿನಿಂದ ತುಂಬಿದ ಕೊರತೆಯನ್ನು ಇವರು ಅಚ್ಚಿನಲ್ಲಿಯೇ ಮುಂಗಡವಾಗಿ ತುಂಬಿದರು.

ಇದರಿಂದ ಬಡಗಿಯ ಕೆಲಸದ ಕ್ರಮವು ತಲೆಕೆಳಗಾಯಿತು. ಮುಳಿಹುಲ್ಲಿನ ಮಾಡಿಗೆ ಅಡ್ಡಪಟ್ಟಿಗಳ ಅಂತರವು ಒಂದಿಷ್ಟು ಹೆಚ್ಚುಕಡಮೆಯಾದರೂ ಬಾಧೆಯಿರಲಿಲ್ಲ. ಕಾರ್ಖಾನೆಯ ಹಂಚಿಗಾದರೋ ಪಕ್ಕಾಸುಗಳ ಮೇಲೆ ಹೊಡೆಯುವ ರೀಪುಗಳ ಅಂತರವು ಹಂಚಿಗೆ ತಕ್ಕಂತೆಯೇ ಇರಬೇಕು. ಇಲ್ಲದಿದ್ದರೆ ಹಂಚಿನ ಮೊಳೆಯು ರೀಪಿಗೆ ಸಿಕ್ಕುವುದಿಲ್ಲ, ಮಳೆನೀರು ಒಳಗೆ ಬರುತ್ತದೆ. ಆದುದರಿಂದ ಬಡಗಿಯು ರೀಪಿನ ಅಂತರಕ್ಕೆ ಸರಿಯಾದ ಮರದ ತುಂಡೊಂದನ್ನು ಕೊಯ್ದಿಟ್ಟುಕೊಂಡು ಸಾಲಿನಿಂದ ಸಾಲಿಗೆ ಅದನ್ನಿಟ್ಟೇ ಮೊಳೆ ಹೊಡೆಯುತ್ತಾನೆ. ಅನುಭವಿಗಳು ಮೊದಲು ನಾಲ್ಕು ಹಂಚುಗಳನ್ನು ಹೊದಿಸಿ ನೋಡಿ, ಆ ತುಂಡು ಸರಿಯೆಂದು ನಿಶ್ಚಯವಾದ ಮೇಲೆಯೇ ಮುಂದುವರಿಯುತ್ತಾರೆ. ಅವಿವೇಕಿಯು ಸಾಲಿನಿಂದ ಸಾಲಿಗೆ ಟೇಪು ಹಿಡಿಯುತ್ತಾ ಹೋಗುತ್ತಾನೆ. ಸಾಲಿಗೆ ಒಂದು ನೂಲೆಳೆಯಷ್ಟು ತಪ್ಪಿದರೂ ಮಾಡಿನ ನೆತ್ತಿಗೆ ಏರುವಷ್ಟರಲ್ಲಿ ಅದು ಬೆರಳಗಲವಾಗಿರುತ್ತದೆ.

ಇತ್ತ ಶಾಲೆಗಳಲ್ಲಿ ಇಂಚಿಗೆ ಕನ್ನಡದಲ್ಲಿ ‘ಅಂಗುಲ’ವೆಂಬ ಅನುವಾದವು ಪ್ರಚಾರಕ್ಕೆ ಬಂದಿತು. ಹನ್ನೆರಡು ಅಂಗುಲಕ್ಕೆ ಅಡಿ, ಮೂರು ಅಡಿಗೆ ಗಜವೆಂದು ಮಕ್ಕಳು ಬಾಯಿಪಾಠ ಮಾಡಿದರು. ಪರಿಭಾಷೆಯನ್ನು ಕಟ್ಟಿದವರ ಉದ್ದೇಶವು ಒಳ್ಳೆಯದೇ. ಆದರೆ ಆಗಲೇ ಹಲವು ಅರ್ಥಗಳುಳ್ಳ ಶಬ್ದಕ್ಕೆ ಮತ್ತೊಂದು ಅರ್ಥವು ಅಂಟಿಕೊಂಡಿತು. 1956ರ ತೂಕ ಮತ್ತು ಅಳತೆಗಳ ಶಾಸನದಿಂದ ಭಾರತದಲ್ಲಿ ಮೆಟ್ರಿಕ್ ಪದ್ಧತಿಯು ವಿಧಿಸಲ್ಪಟ್ಟು 1958ರ ಅಕ್ಟೋಬರಿನಿಂದ ಕ್ರಮಕ್ರಮವಾಗಿ ಜಾರಿಗೆ ಬಂದಿತು. 1959ರ ಅಂತರರಾಷ್ಟ್ರೀಯ ಒಪ್ಪಂದದಿಂದ ಇಂಚು 25.4 ಮಿಲಿಮೀಟರೆಂದು ನಿಶ್ಚಿತವಾಯಿತು. ಹಾಗಿದ್ದರೂ ಮರದ ಅಂಗಡಿಗಳಲ್ಲಿ ಇಂಚು ಅಡಿಗಳ ಮಾತು ನಿಂತಿಲ್ಲ. ಪ್ಲೈವುಡ್ಡಿನ ಹಾಳೆಯ ಉದ್ದಗಲಗಳನ್ನು ಅಡಿಯಲ್ಲಿಯೂ ದಪ್ಪವನ್ನು ಮಿಲಿಮೀಟರಿನಲ್ಲಿಯೂ ಹೇಳುತ್ತಾರೆ. ಟೇಪಿನ ಒಂದು ಅಂಚಿನಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರು. ಓದುವವನ ಕಣ್ಣು ಅಂಚಿನಿಂದ ಅಂಚಿಗೆ ಜಾರಿದರೆ ಹಲಗೆಯು ಹಾಳಾಗುತ್ತದೆ.

ಇದು ಅವಿದ್ಯಾವಂತರ ತಪ್ಪೆಂದು ಯಾರೂ ನಗಬಾರದು. ಅಮೆರಿಕೆಯವರು ಮಂಗಳಗ್ರಹದ ಹವೆಯನ್ನು ಪರೀಕ್ಷಿಸಲು ಕಳುಹಿಸಿದ ನೌಕೆಯೊಂದು 1999ರ ಸೆಪ್ಟೆಂಬರಿನಲ್ಲಿ ನಷ್ಟವಾಯಿತು. ಒಂದು ತಂಡದ ಲೆಕ್ಕವು ಪೌಂಡಿನ ಮಾನದಲ್ಲಿದ್ದುದನ್ನು ಇನ್ನೊಂದು ತಂಡದವರು ನ್ಯೂಟನ್ನಿನ ಮಾನದಲ್ಲಿದೆಯೆಂದು ಎಣಿಸಿದ್ದೇ ಕಾರಣವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಸಂಖ್ಯೆಗಳು ಸರಿಯಾಗಿಯೇ ಇದ್ದವು. ಯಾವ ಕೋಲಿನವೆಂಬ ಮಾತು ಮಾತ್ರ ಜೊತೆಗೆ ಹೋಗಲಿಲ್ಲ.

8

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ಈಗ ಮೀಟರು ಸರ್ವತ್ರ ನಿಯತವಾಗಿರುವಾಗ ಹಳೆಯ ಕೋಲುಗಳ ಚರ್ಚೆಯಿಂದ ಫಲವೇನು? ಎಲ್ಲವನ್ನೂ ಮಿಲಿಮೀಟರಿಗೆ ಪರಿವರ್ತಿಸಿದರೆ ಸಾಲದೇ? ಉತ್ತರವಿದು: ಹೊಸದಾಗಿ ಮಾಡುವ ವಸ್ತುವಿಗೆ ಸಾಲುತ್ತದೆ, ಹಳೆಯದನ್ನು ಓದುವುದಕ್ಕೂ ಜೀರ್ಣೋದ್ಧಾರ ಮಾಡುವುದಕ್ಕೂ ಸಾಲದು. ಪರಿವರ್ತನೆಗೆ ಮೊದಲು ಯಾವುದರಿಂದ ಪರಿವರ್ತನೆಯೆಂದು ತಿಳಿಯಬೇಡವೇ? ಹಳೆಯ ದೈವಸ್ಥಾನದ ದಾರಂದವು ಗೆದ್ದಲು ಹಿಡಿದು, ಹೊಸದನ್ನು ಗ್ರಂಥೋಕ್ತ ಅಂಗುಲಗಳಲ್ಲಿ ಮಾಡಿಸಬೇಕಾದಾಗ ಇಂಚಿನ ಲೆಕ್ಕವನ್ನು ಹಿಡಿದರೆ, ಕೋಲಿನಲ್ಲಿ ಕಟ್ಟಿದ ಗೋಡೆಗೆ ಅದು ಹೊಂದುವುದಿಲ್ಲ. ಆಗ ಮರವನ್ನು ತಿದ್ದುವ ಬದಲು ಗೋಡೆಯನ್ನು ಒಡೆಯುತ್ತಾರೆ. ಹಳೆಯ ಅಳತೆಗೆ ಸಾಕ್ಷಿಯಾಗಿದ್ದ ಆ ಗೋಡೆಯೂ ಹೋದಮೇಲೆ ಆ ಕಟ್ಟಡದ ಕೋಲು ಯಾವುದೆಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ಟಿಪ್ಪಣಿಯ ಒಂದು ಶಬ್ದದಿಂದ ಇಷ್ಟು ಹಾನಿ ಸಂಭವಿಸಬಲ್ಲದು.

ಆಚಾರಿಯವರು ಹುಡುಗನಿಗೆ ಹೇಳಿಕೊಟ್ಟ ನಿಯಮಗಳು ಐದು. ಕೆಲಸಕ್ಕೆ ಒಂದೇ ಕೋಲು, ನಡುವೆ ಬದಲಿಸಬಾರದು. ಅಚ್ಚಿನ ಮೇಲೆ ಮುಖ ಯಾವುದು, ತಲೆ ಯಾವುದು, ಯಾವ ಅಂಚಿಗೆ ತಾಗಿಸಿ ಇಡಬೇಕು ಎಂಬುದನ್ನು ಮೊದಲೇ ಬರೆಯಬೇಕು. ಅಚ್ಚನ್ನು ಹಲಗೆಗೆ ಬಿಗಿಯಬೇಕು, ಬೈರಿಗೆಯ ಹಾದಿಯಲ್ಲಿ ಕೈಯಿಡಬಾರದು. ಒಳ್ಳೆಯ ಮರಕ್ಕೆ ಮೊದಲು ಚೂರುಮರದಲ್ಲಿ ಕೊರೆದು, ಜೋಡಿಸಿ ನೋಡಬೇಕು. ಎಲ್ಲ ತುಂಡುಗಳನ್ನೂ ಮೂಲದ ಅಚ್ಚಿನಿಂದಲೇ ಗುರುತಿಸಬೇಕು. ಮೊದಲ ತುಂಡಿನಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಗುರುತಿಸುತ್ತಾ ಹೋಗಬಾರದು. ಕಡೆಯ ಮಾತನ್ನು ಕೇಳಿದಾಗ ನನಗೆ ಗ್ರಂಥಸಂಪಾದನೆಯ ನೆನಪಾಯಿತು. ಪ್ರತಿಯಿಂದ ಪ್ರತಿಯನ್ನು ಮಾಡುತ್ತಾ ಹೋದಂತೆ ಲಿಪಿಕಾರರ ದೋಷಗಳು ಕೂಡುತ್ತಾ ಹೋಗುವುದನ್ನು ತಾಳೆಗರಿಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಮೂಲಮಾತೃಕೆಗೆ ಮರಳಬೇಕೆಂಬುದು ನಮ್ಮ ಶಾಸ್ತ್ರದ ನಿಯಮವೂ ಆಗಿದೆ. ಹಲಗೆಯಲ್ಲಿ ಅದನ್ನು ಪಾಲಿಸುವ ಆಚಾರಿಯು ನಮಗೆ ಸಹಾಧ್ಯಾಯಿಯೇ ಸರಿ.

ಆದುದರಿಂದ ಸಂಪಾದಕರಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನ ವಿನಂತಿ ಇಷ್ಟೆ. ಪ್ರಾಚೀನಮಾನಗಳಿಗೆ ಟಿಪ್ಪಣಿ ಬರೆಯುವಾಗ ಅಂಗುಲವನ್ನು ಅಂಗುಲವೆಂದೇ ಉಳಿಸಿರಿ. ಇಂಚಿಗೆ ಇಂಚೆಂದೇ ಹೇಳಿರಿ. ಗ್ರಂಥಕಾರನು ಯಾವ ಅಂಗುಲವನ್ನು, ಯಾವ ಹಸ್ತವನ್ನು ಹೇಳಿದ್ದಾನೆಂಬುದನ್ನು ಮೊದಲು ತಿಳಿಸಿ, ಅನಂತರ ಆಧಾರವಿದ್ದಷ್ಟು ಮಟ್ಟಿಗೆ ಸೆಂಟಿಮೀಟರನ್ನು ಕೊಡಿರಿ. ಊರಿನ ಹಳೆಯ ಆಚಾರಿಗಳ ಮನೆಗಳಲ್ಲಿ ಕೋಲುಗಳು ಇನ್ನೂ ಇರಬಹುದು. ಅವು ಒಲೆಗೆ ಹೋಗುವ ಮೊದಲು ಅವುಗಳ ಉದ್ದವನ್ನೂ ಅವುಗಳ ಮೇಲಿನ ಗೆರೆಗಳ ಅಂತರವನ್ನೂ ಗುರುತುಮಾಡಿ ಇಟ್ಟರೆ ಮುಂದಿನವರಿಗೆ ಶಾಸನದಷ್ಟೇ ಉಪಕಾರವಾಗುವುದು.

ನಮ್ಮ ಮಂಟಪವು ಮುಗಿಯಿತು. ಆಚಾರಿಯವರ ಪೀಠವೇ ಎಲ್ಲಕ್ಕಿಂತ ಹಿರಿದಾಗಿದ್ದುದರಿಂದ ಅದನ್ನು ಕೊಯ್ದು ಕಿರಿದುಮಾಡಲು ಬಂದಿತು. ಹುಡುಗನ ಪಕ್ಕದ ಹಲಗೆಗಳಲ್ಲಿ ಬಲದ್ದೊಂದನ್ನು ಬಿಟ್ಟು ಹೊಸದನ್ನು ಮಾಡಿದರು. ತಪ್ಪು ತೂತುಗಳಿದ್ದ ಹಲಗೆಯನ್ನು ನಾನು ಬಿಸುಡಲು ಬಿಡಲಿಲ್ಲ. ಅದು ನಾನು ಪಾಠ ಹೇಳುವ ಕೋಣೆಯ ಗೋಡೆಗೆ ಒರಗಿ ನಿಂತಿದೆ. ಅಂಗುಲವೆಂದರೆ ಎಷ್ಟೆಂದು ವಿದ್ಯಾರ್ಥಿಗಳು ಕೇಳಿದಾಗ ಮೊದಲು ಅದನ್ನು ತೋರಿಸುತ್ತೇನೆ.